ಗ್ರಾಮೀಣ ಜಿಲ್ಲೆಯ ಸ್ವಾವಲಂಬನೆ ಮತ್ತು ವಿಪತ್ತು ಸಿದ್ಧತೆ: ಲಾತೂರಿನ ಅನುಭವದ ಬೆಳಕಿನಲ್ಲಿ

ನೈಸರ್ಗಿಕ ವಿಪತ್ತುಗಳನ್ನು ತಡೆಯುವುದು ಮಾನವನ ಶಕ್ತಿಗೆ ಮೀರಿದ್ದು. ಆದರೆ ಅವುಗಳಿಂದಾಗುವ ಪ್ರಾಣಹಾನಿ ಮತ್ತು ಆಸ್ತಿಹಾನಿಯನ್ನು ಬಹುಮಟ್ಟಿಗೆ ತಗ್ಗಿಸುವುದು ಸಾಧ್ಯ. ಇದಕ್ಕೆ ಅಗತ್ಯವಾದ ಮೊದಲ ಕೆಲಸ, ಒಂದು ಪ್ರದೇಶಕ್ಕೆ ತನ್ನ ಕಾಲಮೇಲೆ ತಾನು ನಿಲ್ಲುವ ಶಕ್ತಿ ಎಷ್ಟಿದೆ ಎಂಬುದನ್ನು ವಿಪತ್ತು ಬರುವುದಕ್ಕೆ ಮೊದಲೇ ಅಳೆದು ನೋಡುವುದು. ಹೊರಗಿನ ನೆರವು ತಲುಪುವವರೆಗೆ ಕುಡಿಯುವ ನೀರು ಎಷ್ಟು ದಿನ ಬಂದೀತು? ದವಸ ಎಷ್ಟಿದೆ? ಗಾಯಾಳುಗಳಿಗೆ ಮೊದಲ ಚಿಕಿತ್ಸೆ ನೀಡುವವರು ಯಾರು? ಇಂತಹ ಸರಳ ಪ್ರಶ್ನೆಗಳಿಗೆ ಖಚಿತವಾದ ಉತ್ತರ ದೊರಕಿಸಿಕೊಳ್ಳುವುದೇ ಸ್ವಾವಲಂಬನೆಯ ಮೌಲ್ಯಮಾಪನ.

ಈ ವಿಷಯವನ್ನು ವಿವರಿಸಲು ಮಹಾರಾಷ್ಟ್ರದ ಲಾತೂರು ಜಿಲ್ಲೆ ತಕ್ಕ ಉದಾಹರಣೆ. 1982ರಲ್ಲಿ ಉಸ್ಮಾನಾಬಾದ್ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯಲ್ಲಿ 10 ತಾಲ್ಲೂಕುಗಳಿವೆ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 24.5 ಲಕ್ಷ, ಇವರಲ್ಲಿ ಬಹುಪಾಲು ಜನ ಹಳ್ಳಿಗಳಲ್ಲಿ ವಾಸಿಸುತ್ತಾರೆ. ಜಿಲ್ಲೆಯ ಪೂರ್ವ ಮತ್ತು ದಕ್ಷಿಣದ ಗಡಿಗೆ ಕರ್ನಾಟಕದ ಬೀದರ್ ಜಿಲ್ಲೆ ಹೊಂದಿಕೊಂಡಿದೆ. ಲಾತೂರಿನ ಮೂಲಕ ಹರಿಯುವ ಮಾಂಜ್ರಾ ನದಿಯೇ ಮುಂದೆ ಬೀದರ್ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಕಪ್ಪು ಮಣ್ಣು, ಅದರಡಿಯಲ್ಲಿ ಗಟ್ಟಿ ಕಪ್ಪು ಕಲ್ಲು, ನಂಬಲಾಗದ ಮಳೆ: ದಖ್ಖನ್ ಪ್ರಸ್ಥಭೂಮಿಯ ಅನೇಕ ಜಿಲ್ಲೆಗಳ ಲಕ್ಷಣವೇ ಇಲ್ಲಿಯದೂ ಆಗಿದೆ.

ಎರಡು ಆಘಾತಗಳು

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿ ಗ್ರಾಮದ ಬಳಿ ಭೂಮಿ ನಡುಗಿತು. ಗಣೇಶ ವಿಸರ್ಜನೆಯನ್ನು ಮುಗಿಸಿ ಜನ ಗಾಢ ನಿದ್ರೆಯಲ್ಲಿದ್ದ ಹೊತ್ತು ಅದು. ಕಂಪನದ ಪರಿಮಾಣ ಸುಮಾರು 6.2. ಜಗತ್ತಿನ ಇತರೆಡೆ ಇಷ್ಟೇ ಪರಿಮಾಣದ ಎಷ್ಟೋ ಭೂಕಂಪಗಳು ಅಲ್ಪ ಹಾನಿಯೊಂದಿಗೆ ಕಳೆದುಹೋಗಿವೆ. ಇಲ್ಲಿ ಮಾತ್ರ ಎಂಟು ಸಾವಿರದಿಂದ ಹತ್ತು ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು. ಲಾತೂರು ಮತ್ತು ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ, ಜಿಲ್ಲೆಗಳ 52 ಗ್ರಾಮಗಳನ್ನು ಹೊಸ ನಿವೇಶನಗಳಿಗೆ ಸ್ಥಳಾಂತರಿಸಬೇಕಾಯಿತು. ಗಡಿಯ ಈಚೆ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿಯೂ ಕಂಪನದ ಅನುಭವವಾಯಿತು.

ಎರಡನೆಯದು ನಿಧಾನವಾಗಿ ಬಂದ ಆಘಾತ. 2014 ಮತ್ತು 2015ರಲ್ಲಿ ಸತತವಾಗಿ ಮಳೆ ಕೈಕೊಟ್ಟಿತು. ನಗರಕ್ಕೆ ನೀರೊದಗಿಸುವ ಮಾಂಜ್ರಾ ಜಲಾಶಯ ಬತ್ತಿತು. 2016ರ ಮಾರ್ಚ್‌ನಲ್ಲಿ ನೀರು ತುಂಬಿಸುವ ಸ್ಥಳಗಳ ಬಳಿ ಗಲಭೆಯಾಗದಂತೆ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಏಪ್ರಿಲ್ 12ರಂದು ಮೀರಜ್‌ನಿಂದ ಮೊದಲ ನೀರಿನ ರೈಲು 10 ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರನ್ನು ಹೊತ್ತು ಲಾತೂರನ್ನು ತಲುಪಿತು. ಕೆಲವು ದಿನಗಳಲ್ಲಿ ವ್ಯಾಗನ್‌ಗಳ ಸಂಖ್ಯೆ 50ಕ್ಕೇರಿ ಒಂದು ಸಲಕ್ಕೆ 25 ಲಕ್ಷ ಲೀಟರ್ ಬರತೊಡಗಿತು. ಅದೇ ವರ್ಷದ ಮಳೆಗಾಲದ ಕೊನೆಗೆ ಭಾರಿ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. 2021ರ ಸೆಪ್ಟೆಂಬರ್‌ನಲ್ಲಂತೂ ಇದೇ ಮಾಂಜ್ರಾ ನದಿಯ ಪ್ರವಾಹದಲ್ಲಿ ಸಿಲುಕಿದವರನ್ನು ರಕ್ಷಿಸುವ ಕಾರ್ಯ ನಡೆಯಿತು.

ಒಂದೇ ಜಿಲ್ಲೆ ಮೂರು ದಶಕಗಳೊಳಗೆ ಭೂಕಂಪ, ಬರ, ನೆರೆ ಮೂರನ್ನೂ ಕಂಡಿದೆ. ಆದುದರಿಂದ ಸಿದ್ಧತೆಯ ಲೆಕ್ಕವನ್ನು ಒಂದು ವಿಪತ್ತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಹಾಕುವಂತಿಲ್ಲ. ಯಾವ ವಿಪತ್ತು ಬಂದರೂ ಜನರಿಗೆ ಬೇಕಾಗುವ ಮೂಲಭೂತ ಅಗತ್ಯಗಳನ್ನು ಒಂದೊಂದಾಗಿ ಪರಿಶೀಲಿಸುವುದೇ ಸರಿಯಾದ ಕ್ರಮ.

ಸ್ವಾವಲಂಬನೆ ಎಂದರೇನು?

ಸ್ವಾವಲಂಬನೆಯೆಂದರೆ ಜಿಲ್ಲೆಯೊಂದು ತನಗೆ ಬೇಕಾದುದೆಲ್ಲವನ್ನೂ ತಾನೇ ಉತ್ಪಾದಿಸಿಕೊಂಡು ಲೋಕದಿಂದ ಬೇರೆಯಾಗಿ ಬದುಕುವುದೆಂದು ತಿಳಿಯಬಾರದು. ಉಪ್ಪು, ಔಷಧಿ, ಡೀಸೆಲ್, ಸಿಮೆಂಟುಗಳಿಗೆ ಯಾವ ಜಿಲ್ಲೆಯಾದರೂ ಹೊರಗನ್ನು ಅವಲಂಬಿಸಲೇಬೇಕು. ಮೀರಜ್‌ನ ನೀರು ಲಾತೂರಿಗೆ ಬಂದುದು ದೇಶದ ಒಗ್ಗಟ್ಟಿನ ದ್ಯೋತಕವೇ ಹೊರತು ಅವಮಾನವಲ್ಲ. ಆದರೆ ಆ ನೆರವಿನ ಪ್ರಮಾಣವನ್ನು ಗಮನಿಸಬೇಕು. ಅಂದು ಲಾತೂರು ನಗರದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. 25 ಲಕ್ಷ ಲೀಟರ್ ನೀರನ್ನು ಅಷ್ಟು ಜನರಿಗೆ ಹಂಚಿದರೆ ತಲೆಗೆ ಆರೂಕಾಲು ಲೀಟರ್, ಅಂದರೆ ಅರ್ಧ ಕೊಡದಷ್ಟು. ಐವತ್ತು ವ್ಯಾಗನ್‌ಗಳ ರೈಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ತಂದ ನೀರು ಇಷ್ಟು. ಹೊರಗಿನ ನೆರವು ಜೀವವನ್ನು ಉಳಿಸಬಲ್ಲದು. ಜೀವನವನ್ನು ನಡೆಸುವ ಭಾರವನ್ನು ಅದು ಹೊರಲಾರದು.

ಹೀಗಾಗಿ ಸ್ವಾವಲಂಬನೆಯನ್ನು ದಿನಗಳಲ್ಲಿ ಅಳೆಯುವುದು ಉಪಯುಕ್ತ. ರಸ್ತೆ, ವಿದ್ಯುತ್, ದೂರವಾಣಿಗಳು ಕಡಿದುಹೋದರೆ ಪ್ರತಿಯೊಂದು ಅಗತ್ಯವೂ ಎಷ್ಟು ದಿನಗಳವರೆಗೆ ಪೂರೈಕೆಯಾದೀತು ಎಂದು ಗ್ರಾಮವಾರು ಬರೆದಿಟ್ಟರೆ ಯಾವ ಕೊಂಡಿ ದುರ್ಬಲವಾಗಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ನೀರಿನ ಲೆಕ್ಕ

ಮೌಲ್ಯಮಾಪನದಲ್ಲಿ ಮೊದಲ ಸ್ಥಾನ ನೀರಿಗೆ ಸಲ್ಲುತ್ತದೆ. ಇದರ ಲೆಕ್ಕ ಕಠಿಣವಾದುದಲ್ಲ. ಒಂದು ಹೆಕ್ಟೇರ್ ಭೂಮಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರಾಗುತ್ತದೆ. 1,000 ಹೆಕ್ಟೇರ್ ವಿಸ್ತೀರ್ಣದ ಗ್ರಾಮದಲ್ಲಿ ವರ್ಷಕ್ಕೆ 700 ಮಿ.ಮೀ. ಮಳೆಯಾದರೆ ಒಟ್ಟು 700 ಕೋಟಿ ಲೀಟರ್. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಹಳ್ಳಕೊಳ್ಳಗಳಲ್ಲಿ ಹರಿದುಹೋಗುತ್ತದೆ ಅಥವಾ ಮಣ್ಣಿನ ತೇವವಾಗಿ ಬೆಳೆಗೆ ಸೇರುತ್ತದೆ. ದಖ್ಖನ್ನಿನ ಕಪ್ಪು ಕಲ್ಲಿನ ಪ್ರದೇಶದಲ್ಲಿ ನೆಲದೊಳಗೆ ಇಂಗಿ ಬಾವಿಗಳನ್ನು ತಲುಪುವುದು ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಅಂದರೆ 70 ಕೋಟಿ ಲೀಟರ್.

ಈಗ ಖರ್ಚಿನ ಕಡೆ ನೋಡೋಣ. ಜಲ ಜೀವನ ಮಿಷನ್ ಗ್ರಾಮೀಣ ಪ್ರದೇಶಕ್ಕೆ ನಿಗದಿಪಡಿಸಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. 2,000 ಜನರ ಗ್ರಾಮಕ್ಕೆ ವರ್ಷಕ್ಕೆ ಸುಮಾರು 4 ಕೋಟಿ ಲೀಟರ್ ಬೇಕು. ದನಕರುಗಳಿಗೆ ಇನ್ನೊಂದು ಕೋಟಿ ಎಂದಿಟ್ಟುಕೊಂಡರೂ 65 ಕೋಟಿ ಲೀಟರ್ ಉಳಿಯುತ್ತದೆ. ಕುಡಿಯುವ ನೀರಿಗೆ ಅಭಾವ ಬರಲು ಕಾರಣವೇ ಇಲ್ಲವೆಂದು ತೋರುತ್ತದೆ. ಆದರೆ ಒಂದು ಹೆಕ್ಟೇರ್ ಕಬ್ಬಿನ ಬೆಳೆಗೆ ಒಟ್ಟು ಸುಮಾರು 2 ಕೋಟಿ ಲೀಟರ್ ನೀರು ಬೇಕು. ಮಳೆಯಿಂದ ದೊರೆಯುವ ಪಾಲನ್ನು ಕಳೆದರೂ ಒಂದು ಕೋಟಿಗೂ ಮಿಕ್ಕಿ ನೀರನ್ನು ಬಾವಿ ಅಥವಾ ಕಾಲುವೆಯಿಂದ ಕೊಡಬೇಕಾಗುತ್ತದೆ. ಬಾವಿಗಳನ್ನೇ ನಂಬಿ ಸುಮಾರು 60 ಹೆಕ್ಟೇರ್ ಕಬ್ಬು ಹಾಕಿದರೆ ಸಾಕು, ಇಡೀ ಗ್ರಾಮದ ಇಂಗಿದ ನೀರು ಮುಗಿದುಹೋಗುತ್ತದೆ. ಮಳೆ ಅರ್ಧಕ್ಕಿಳಿದ ವರ್ಷ ಏನಾಗುತ್ತದೆಂಬುದನ್ನು ಊಹಿಸಬಹುದು. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಲಾತೂರಿನಲ್ಲಿ ಕೊಳವೆಬಾವಿಗಳು ಆಳಕ್ಕಿಳಿದುದಕ್ಕೆ ಈ ಸರಳ ಗಣಿತವೇ ಒಂದು ಮುಖ್ಯ ಕಾರಣ.

ಲೆಕ್ಕವಿಟ್ಟು ನಡೆದ ಗ್ರಾಮದ ನಿದರ್ಶನವೂ ಅದೇ ರಾಜ್ಯದಲ್ಲಿದೆ. ಅಹಮದ್‌ನಗರ (2024ರಿಂದ ಅಹಿಲ್ಯಾನಗರ) ಜಿಲ್ಲೆಯ ಹಿವ್ರೆ ಬಾಜಾರ್‌ನಲ್ಲಿ ಮಳೆ ಸುಮಾರು 400 ಮಿ.ಮೀ.; ಲಾತೂರಿನ ಸರಾಸರಿಯಾದ ಸುಮಾರು 800 ಮಿ.ಮೀ.ಗೆ ಹೋಲಿಸಿದರೆ ಅರ್ಧ. 1990ರ ದಶಕದಿಂದ ಅಲ್ಲಿಯ ಜನ ಪೋಪಟರಾವ್ ಪವಾರ್ ಅವರ ನೇತೃತ್ವದಲ್ಲಿ ಗುಡ್ಡಗಳಿಗೆ ಅಡ್ಡ ಕಾಲುವೆ ತೋಡಿ, ಒಡ್ಡುಗಳನ್ನು ಹಾಕಿ, ಮಳೆಯ ನೀರನ್ನು ಇಂಗಿಸಿದರು. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನೂ ಕಬ್ಬು, ಬಾಳೆಗಳನ್ನು ಬೆಳೆಯುವುದನ್ನೂ ತಾವೇ ನಿರ್ಬಂಧಿಸಿಕೊಂಡರು. ಪ್ರತಿವರ್ಷ ಮಳೆಯನ್ನು ಅಳೆದು ಗ್ರಾಮಸಭೆಯಲ್ಲಿ ನೀರಿನ ಮುಂಗಡಪತ್ರ ಮಂಡಿಸುವುದು ಅಲ್ಲಿಯ ಪದ್ಧತಿ. ಕುಡಿಯುವ ನೀರಿಗೆ ಮೊದಲ ಪಾಲು. ಉಳಿದುದನ್ನು ನೋಡಿ ಯಾವ ಬೆಳೆ, ಎಷ್ಟು ಎಂಬ ತೀರ್ಮಾನ. 2019ರಲ್ಲಿ ಆರಂಭವಾದ ಕೇಂದ್ರದ ಅಟಲ್ ಭೂಜಲ ಯೋಜನೆಯು ಕರ್ನಾಟಕ, ಮಹಾರಾಷ್ಟ್ರಗಳೂ ಸೇರಿದಂತೆ ಏಳು ರಾಜ್ಯಗಳ ಆಯ್ದ ಗ್ರಾಮ ಪಂಚಾಯಿತಿಗಳಲ್ಲಿ ಇದೇ ತತ್ತ್ವದ ನೀರಿನ ಮುಂಗಡಪತ್ರಗಳನ್ನು ಕೈಗೆತ್ತಿಕೊಂಡಿತು.

ಆಹಾರ ಮತ್ತು ಮೇವು

ಲಾತೂರು ತೊಗರಿ ಮತ್ತು ಸೋಯಾಬೀನ್ ವ್ಯಾಪಾರಕ್ಕೆ ಹೆಸರಾದ ಪೇಟೆ. ಆದರೆ ಮಾರುಕಟ್ಟೆಗೆ ಬರುವ ಮೂಟೆಗಳ ಸಂಖ್ಯೆಯಿಂದ ಮನೆಯ ಕಣಜ ತುಂಬಿದೆಯೆಂದು ಹೇಳಲಾಗದು. ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ, 80 ಗ್ರಾಂ ಬೇಳೆಯಂತೆ ಲೆಕ್ಕ ಹಿಡಿದರೆ ಸಾವಿರ ಜನರಿಗೆ ವರ್ಷಕ್ಕೆ ಸುಮಾರು 146 ಟನ್ ಧಾನ್ಯ, 29 ಟನ್ ಬೇಳೆ ಬೇಕಾಗುತ್ತದೆ. ಬೇಳೆಯಲ್ಲಿ ಮಿಗತೆ ಇರುವ ಗ್ರಾಮ ಧಾನ್ಯದಲ್ಲಿ ಪಡಿತರ ಅಂಗಡಿಯನ್ನೇ ನಂಬಿರುವುದು ಸಾಮಾನ್ಯ. ಆದುದರಿಂದ ಪಡಿತರ ಗೋದಾಮು ಎಲ್ಲಿದೆ, ಅದಕ್ಕೆ ಹೋಗುವ ರಸ್ತೆಯಲ್ಲಿ ಮುಳುಗುವ ಸೇತುವೆ ಇದೆಯೆ, ಮಳೆಗಾಲಕ್ಕೆ ಮುಂಚೆ ದಾಸ್ತಾನು ಅಂಗಡಿಗೆ ತಲುಪುತ್ತದೆಯೆ ಎಂಬ ಅಂಶಗಳನ್ನು ಪರಿಶೀಲಿಸಬೇಕು.

ಮೇವಿನ ವಿಷಯವನ್ನು ಅನೇಕರು ಮರೆಯುತ್ತಾರೆ. ಬೆಳೆದ ದನವೊಂದಕ್ಕೆ ದಿನಕ್ಕೆ ಆರೇಳು ಕಿಲೋ ಒಣಮೇವಾದರೂ ಬೇಕು. ಜೋಳದ ಹೊಲ ಕಾಳಿನ ಜೊತೆಗೆ ಕಣಿಕೆಯನ್ನೂ ಕೊಡುತ್ತಿತ್ತು. ಬಣವೆಯೇ ರೈತನ ಬರಗಾಲದ ಠೇವಣಿಯಾಗಿತ್ತು. ಜೋಳದ ಜಾಗಕ್ಕೆ ಸೋಯಾಬೀನ್ ಬಂದಲ್ಲಿ ಹಣದ ಆದಾಯ ಹೆಚ್ಚಿರಬಹುದು, ಆದರೆ ಬಣವೆ ಕುಗ್ಗುತ್ತದೆ. ಮಳೆ ತಪ್ಪಿದಾಗ ಅಂತಹ ರೈತ ದನಗಳನ್ನು ಅಗ್ಗಕ್ಕೆ ಮಾರಬೇಕಾಗುತ್ತದೆ; ಮುಂದಿನ ಮಳೆ ಬಂದಾಗ ಉಳಲು ಎತ್ತಿರುವುದಿಲ್ಲ. ಹೀಗೆ ಒಂದು ವರ್ಷದ ಬರ ಮೂರು ವರ್ಷಗಳ ಬಡತನವಾಗುತ್ತದೆ.

ವಸತಿಯ ಭದ್ರತೆ

ಕಿಲ್ಲಾರಿ ಪ್ರದೇಶದಲ್ಲಿ ಜನರ ಪ್ರಾಣ ತೆಗೆದುದು ಭೂಮಿಯ ಕಂಪನವಲ್ಲ, ಮನೆಗಳು. ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ದಪ್ಪವಿದ್ದ ಗೋಡೆಗಳನ್ನು ಒರಟು ಕಲ್ಲು ಮತ್ತು ಮಣ್ಣಿನ ಕೆಸರಿನಿಂದ ಕಟ್ಟಲಾಗಿತ್ತು. ಹೊರಪದರ ಮತ್ತು ಒಳಪದರಗಳನ್ನು ಬೆಸೆಯುವ ಉದ್ದ ಕಲ್ಲುಗಳಿರಲಿಲ್ಲ. ಅವುಗಳ ಮೇಲೆ ಮರದ ತೊಲೆ, ಹಲಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಬಿಸಿಲಿಗೆ ತಂಪಾಗಿರಲಿ, ಮಳೆಗೆ ಸೋರದಿರಲಿ ಎಂದು ವರ್ಷವರ್ಷವೂ ಮಣ್ಣು ಹಾಕುತ್ತಿದ್ದುದರಿಂದ ಅದು ದಪ್ಪವಾಗುತ್ತಲೇ ಹೋಗಿತ್ತು. ಕೇವಲ 40 ಸೆಂ.ಮೀ. ದಪ್ಪದ ಮಣ್ಣೂ 10 ಚದರ ಮೀಟರ್ ಕೋಣೆಯ ಮೇಲೆ ಆರು ಟನ್ನಿಗೂ ಮಿಕ್ಕಿ ಭಾರ ಹೇರುತ್ತದೆ. ಗೋಡೆ ಬಿರಿದೊಡನೆ ಆ ಭಾರವೆಲ್ಲ ಮಲಗಿದ್ದವರ ಮೇಲೆ ಕುಸಿಯಿತು.

1992ರಲ್ಲಿಯೇ ಕಿಲ್ಲಾರಿ ಪರಿಸರದಲ್ಲಿ ಸಣ್ಣ ಕಂಪನಗಳು ಜನರ ಅನುಭವಕ್ಕೆ ಬಂದಿದ್ದವು. ಆದರೆ ಅಂದಿನ ಭೂಕಂಪ ನಕ್ಷೆಯಲ್ಲಿ ಈ ಭಾಗ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು ಕಿಲ್ಲಾರಿ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ನಕ್ಷೆಯಲ್ಲಿ ಅಪಾಯವಿಲ್ಲವೆಂದಿದ್ದರೆ ನೆಲದಲ್ಲಿಯೂ ಇಲ್ಲವೆಂದು ಭಾವಿಸಬಾರದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಆದುದರಿಂದ ಮೌಲ್ಯಮಾಪನ ಮಾಡುವವರು ಗ್ರಾಮದ ಮನೆಗಳನ್ನು ಗೋಡೆ ಮತ್ತು ಮಾಡಿನ ಬಗೆಗನುಸಾರ ಎಣಿಸಬೇಕು. ಹಳೆಯ ಮನೆಯನ್ನು ಕೆಡವಲೇಬೇಕೆಂದಿಲ್ಲ. ಮೇಲ್ಮುದ್ದೆಯ ಮಣ್ಣನ್ನು ತೆಳುಗೊಳಿಸುವುದು, ಗೋಡೆಯ ಎರಡು ಪದರಗಳನ್ನು ಆರುಪಾರಾಗಿ ಬೆಸೆಯುವುದು, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಪಟ್ಟಿಯನ್ನು ಕಟ್ಟುವುದು ಮುಂತಾದ ಕ್ರಮಗಳಿಂದ ಅದನ್ನು ಬಲಪಡಿಸಬಹುದು. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರ್ಕಾರ ಕೈಗೊಂಡ ಪುನರ್ವಸತಿ ಕಾರ್ಯಕ್ರಮದಲ್ಲಿ ಸ್ಥಳಾಂತರಗೊಳ್ಳದ ಗ್ರಾಮಗಳ ಮನೆಗಳನ್ನು ಮಾಲೀಕರೇ ಹೀಗೆ ದುರಸ್ತಿ ಮಾಡಿಸಿಕೊಳ್ಳಲು ಉತ್ತೇಜನ ನೀಡಲಾಯಿತು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಗ್ರಾಮದ ಮಹಿಳೆಯರೇ ಸಂವಾದ ಸಹಾಯಕಿಯರಾಗಿ ಮನೆಮನೆಗೆ ಮಾಹಿತಿ ಮುಟ್ಟಿಸಿದರು, ಕಟ್ಟಡದ ಕೆಲಸದ ಮೇಲ್ವಿಚಾರಣೆ ಕಲಿತರು. ಗುತ್ತಿಗೆಯಲ್ಲಿ ಸಾಲಾಗಿ ಕಟ್ಟಿದ ಕೆಲವು ಹೊಸ ಊರುಗಳಲ್ಲಿ ದನ, ನೇಗಿಲುಗಳಿಗೆ ಜಾಗವಿಲ್ಲವೆಂಬ ದೂರು ಕೇಳಿಬಂದರೆ, ಮಾಲೀಕರು ಕೈಗೂಡಿಸಿದ ಕಡೆಗಳಲ್ಲಿ ಕಲಿತ ವಿದ್ಯೆ ಊರಿನಲ್ಲಿಯೇ ಉಳಿಯಿತು.

ತಾತ್ಕಾಲಿಕ ಆಶ್ರಯದ ಲೆಕ್ಕವೂ ಇರಬೇಕು. ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕೆಂಬುದು ಅಂಗೀಕೃತ ಪ್ರಮಾಣ. ಆರು ಮೀಟರ್ ಅಗಲ, ಏಳು ಮೀಟರ್ ಉದ್ದದ ಶಾಲಾ ಕೊಠಡಿಯಲ್ಲಿ ಹನ್ನೆರಡು ಜನರಿಗೆ ಮಾತ್ರ ಸ್ಥಳ. ಐದು ಕೊಠಡಿಗಳ ಶಾಲೆ ಅರವತ್ತು ಜನರ ಆಶ್ರಯ, ಆರುನೂರು ಜನರದಲ್ಲ.

ಆರೋಗ್ಯ, ವಿದ್ಯುತ್, ಸಂಪರ್ಕ

ಬಯಲು ಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಕಟ್ಟಡಗಳ ಸಂಖ್ಯೆಯ ಜೊತೆಗೆ ರಾತ್ರಿ ಅಲ್ಲಿ ಯಾರಿರುತ್ತಾರೆ, ಹಾವು ಕಡಿತದ ಔಷಧಿ ಇದೆಯೆ, ವಿದ್ಯುತ್ ಹೋದರೆ ಲಸಿಕೆಗಳನ್ನು ಕಾಯುವ ವ್ಯವಸ್ಥೆ ಏನು ಎಂಬುದನ್ನೂ ನೋಡಬೇಕು. ನಿತ್ಯ ಔಷಧಿ ಸೇವಿಸುವ ರೋಗಿಗಳು, ಗರ್ಭಿಣಿಯರು, ಒಂಟಿಯಾಗಿರುವ ವೃದ್ಧರು, ಅಂಗವಿಕಲರು ಇವರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಸಿದ್ಧವಿದ್ದರೆ ಸಂಕಟಕಾಲದಲ್ಲಿ ಯಾರ ಬಾಗಿಲನ್ನು ಮೊದಲು ತಟ್ಟಬೇಕೆಂಬುದು ತಿಳಿಯುತ್ತದೆ.

ಒಂದು ಸೌಲಭ್ಯ ಇನ್ನೊಂದನ್ನು ಅವಲಂಬಿಸಿರುವ ಬಗೆಯನ್ನು ಗುರುತಿಸುವುದು ಅತ್ಯಂತ ಮುಖ್ಯ. ಕೊಳವೆಬಾವಿಗೆ ವಿದ್ಯುತ್ ಬೇಕು. ವಿದ್ಯುತ್ ಇಲ್ಲದಿದ್ದರೆ ಡೀಸೆಲ್ ಬೇಕು. ಡೀಸೆಲ್ ಬರಲು ರಸ್ತೆ ಬೇಕು. ಮೊಬೈಲ್ ಗೋಪುರದ ಬ್ಯಾಟರಿ ಕೆಲವೇ ಗಂಟೆಗಳ ಬಾಳಿಕೆಯದು. ಹೀಗಾಗಿ ಒಂದು ಕಂಬ ಉರುಳಿದರೆ ನೀರು, ಬೆಳಕು, ಮಾತು ಮೂರೂ ನಿಲ್ಲಬಹುದು. ಹಗ್ಗ ಕೊಡಗಳಿಂದ ನೀರು ಸೇದಬಹುದಾದ ತೆರೆದ ಬಾವಿಯನ್ನು, ಕೈಪಂಪನ್ನು ಸುಸ್ಥಿತಿಯಲ್ಲಿಟ್ಟುಕೊಂಡ ಗ್ರಾಮಕ್ಕೆ ಈ ಸರಪಳಿಯಿಂದ ಬಿಡುಗಡೆ ದೊರೆಯುತ್ತದೆ.

ಅಳೆಯುವಾಗ ವಹಿಸಬೇಕಾದ ಎಚ್ಚರ

1. ಲೆಕ್ಕವನ್ನು ಕಷ್ಟದ ಕಾಲಕ್ಕೆ ಹಾಕಬೇಕು. ಅಕ್ಟೋಬರ್‌ನಲ್ಲಿ ತುಂಬಿರುವ ಬಾವಿಯನ್ನು ನೋಡಿ ಬರೆದ ಅಂಕಿ ಮೇ ತಿಂಗಳಲ್ಲಿ ಪ್ರಯೋಜನಕ್ಕೆ ಬಾರದು.

2. ಸರಾಸರಿಯನ್ನು ನಂಬಬಾರದು. ಜಿಲ್ಲೆಯ ಸರಾಸರಿ ಮಳೆ ಸಮೃದ್ಧವಾಗಿ ಕಂಡಾಗಲೂ ಒಂದು ತಾಲ್ಲೂಕು ಒಣಗಿರಬಹುದು.

3. ಇರುವುದನ್ನಲ್ಲ, ನಡೆಯುವುದನ್ನು ಎಣಿಸಬೇಕು. ಚಾಲಕನಿಲ್ಲದ ವಾಹನ, ಬೀಗದ ಕೈ ಯಾರಲ್ಲಿದೆಯೆಂದು ತಿಳಿಯದ ಗೋದಾಮು, ಪಂಪಿಲ್ಲದ ತೊಟ್ಟಿ ಇವು ಪಟ್ಟಿಯಲ್ಲಿ ಮಾತ್ರ ಇರುತ್ತವೆ.

4. ಜನರ ಕೌಶಲವನ್ನೂ ಸಂಪತ್ತೆಂದು ಬರೆಯಬೇಕು. ಗವಂಡಿ, ಬಡಗಿ, ಈಜುಗಾರ, ಟ್ರ್ಯಾಕ್ಟರ್ ಚಾಲಕ, ದಾದಿ, ನಿವೃತ್ತ ಸೈನಿಕ ಇವರ ಹೆಸರುಗಳು ಪಂಚಾಯಿತಿಯಲ್ಲಿರಬೇಕು. ಅವಶೇಷಗಳಡಿ ಸಿಲುಕಿದವರನ್ನು ಮೊದಲ ಗಂಟೆಗಳಲ್ಲಿ ಹೊರತೆಗೆಯುವವರು ಎಲ್ಲ ದೇಶಗಳಲ್ಲಿಯೂ ನೆರೆಹೊರೆಯವರೇ.

ಕಾನೂನು ಏನು ಹೇಳುತ್ತದೆ?

2005ರ ವಿಪತ್ತು ನಿರ್ವಹಣಾ ಅಧಿನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರವಿರುತ್ತದೆ. ಚುನಾಯಿತ ಪ್ರತಿನಿಧಿಯೊಬ್ಬರು ಸಹಾಧ್ಯಕ್ಷರಾಗಿರುತ್ತಾರೆ. ಜಿಲ್ಲೆಯ ಯಾವ ಭಾಗ ಯಾವ ಅಪಾಯಕ್ಕೆ ಒಳಗಾಗಿದೆ, ತಗ್ಗಿಸುವ ಕ್ರಮಗಳೇನು, ಯಾರ ಹೊಣೆ ಯಾವುದು ಎಂಬುದನ್ನು ಒಳಗೊಂಡ ಜಿಲ್ಲಾ ಯೋಜನೆಯನ್ನು ಪ್ರಾಧಿಕಾರ ಸಿದ್ಧಪಡಿಸಿ ಪ್ರತಿವರ್ಷ ಪರಿಷ್ಕರಿಸಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ 2006ರಲ್ಲಿ ರಚನೆಯಾಯಿತು. 2016ರಲ್ಲಿ ಆರಂಭಗೊಂಡ ಆಪದಾ ಮಿತ್ರ ಯೋಜನೆಯಡಿ ಸ್ಥಳೀಯ ಸ್ವಯಂಸೇವಕರಿಗೆ ರಕ್ಷಣಾ ತರಬೇತಿ ನೀಡಲಾಗುತ್ತಿದೆ. 1993ರಲ್ಲಿ ಇವಾವುವೂ ಇರಲಿಲ್ಲ. ಆದರೆ ಜಿಲ್ಲಾ ಕಚೇರಿಯ ಯೋಜನೆ ಗ್ರಾಮದ ಲೆಕ್ಕದ ಮೇಲೆ ನಿಂತಿರದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ನಾಗರಿಕರ ಪಾತ್ರ

ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೆ ಬೀದರ್, ಕಲಬುರಗಿ, ವಿಜಯಪುರ, ಸೊಲ್ಲಾಪುರ ಸೀಮೆಗಳಲ್ಲಿ ಹಿರಿಯರ ಮನೆ, ಹೊಲಗಳಿವೆ. ಕಲ್ಲುಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಡು, ಆಳಕ್ಕಿಳಿದ ಕೊಳವೆಬಾವಿ ಅಲ್ಲಿಯೂ ಇವೆ. ಇಂತಹ ಓದುಗರು ಮುಂದಿನ ಸಲ ಊರಿಗೆ ಹೋದಾಗ ಕೆಲವು ಕೆಲಸಗಳನ್ನು ಮಾಡಬಹುದು. ತಮ್ಮ ಹಳೆಯ ಮನೆಯ ಮೇಲ್ಮುದ್ದೆ ಎಷ್ಟು ದಪ್ಪವಿದೆಯೆಂದು ಅಳೆಸಿ, ಹೆಚ್ಚಿನ ಮಣ್ಣನ್ನು ತೆಗೆಸುವುದು. ಗೋಡೆಯ ಉಬ್ಬು, ಬಿರುಕುಗಳನ್ನು ಗವಂಡಿಗೆ ತೋರಿಸುವುದು. ಒಂಟಿಯಾಗಿರುವ ತಂದೆತಾಯಿಯರ ಔಷಧಿಯನ್ನು ಕನಿಷ್ಠ ಹದಿನೈದು ದಿನಗಳಿಗಾಗುವಷ್ಟು ಮುಂಚಿತವಾಗಿ ತಂದಿಡುವುದು, ಅವರ ಪರಿಸ್ಥಿತಿಯನ್ನು ನೆರೆಮನೆಯವರಿಗೂ ಆಶಾ ಕಾರ್ಯಕರ್ತೆಗೂ ತಿಳಿಸುವುದು. ತುರ್ತು ಸೇವೆಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077 ಎಂಬ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು.

ಇನ್ನು ಗ್ರಾಮಸಭೆಯ ಸಮಯದಲ್ಲಿ ಊರಿನಲ್ಲಿದ್ದರೆ ಎರಡು ಪ್ರಶ್ನೆಗಳನ್ನು ಕೇಳುವುದು ಒಳಿತು. ಈ ವರ್ಷ ಮಳೆ ಅರ್ಧವಾದರೆ ಮೇ ತಿಂಗಳಲ್ಲಿ ಕುಡಿಯುವ ನೀರು ಯಾವ ಬಾವಿಯಿಂದ ಬರುತ್ತದೆ? ಬೆಳಗಿನ ಜಾವ ನಾಲ್ಕು ಗಂಟೆಗೆ ಮನೆಗಳು ಕುಸಿದರೆ ಊರ ಜನ ಎಲ್ಲಿ ಸೇರಬೇಕು, ಹಾರೆ ಗುದ್ದಲಿಗಳು ಎಲ್ಲಿವೆ? ಉತ್ತರ ದೊರೆತರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ದೊರೆಯದಿದ್ದರೆ ಪ್ರಶ್ನೆಯನ್ನೇ ಬರೆಸಬೇಕು. ಮುಂದಿನ ಸಭೆಯ ಮೊದಲ ವಿಷಯ ಅದೇ ಆಗಲಿ.